ಎರಡನೇ ಪ್ರತಿ ಎಲ್ಲೈತಿ?

1/11 · ಪ್ರಶ್ನೆ

ಗೆಳೆಯರೇ, ಈ ಸಲದ ಇತಿಹಾಸ ಸರಣಿ ಹನ್ನೊಂದು ಪೋಸ್ಟ್ ಐತಿ. ಚಹಾ ಹಿಡ್ಕೊಂಡು ಕೂಡ್ರಿ.

ನಮ್ಮ ಬ್ಯಾಚಿನ ಸುಮಾರು ಮಂದಿ ಈಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಸಣ್ಣ ಸಣ್ಣ ಆಫೀಸಿಗೆ ಸೇರ್ಯಾರ. ಪತ್ತಿನ ಸೊಸೈಟಿ, ಟ್ಯಾಕ್ಸ್ ಕನ್ಸಲ್ಟೆಂಟ್, ರಕ್ತ ತಪಾಸಣೆ ಲ್ಯಾಬ್, ಗೊಬ್ಬರದ ಅಂಗಡಿ. ಐದಾರು ಕಂಪ್ಯೂಟರ್, ಮೂಲ್ಯಾಗ ಒಂದು ಸರ್ವರ್. "ಈ ಹುಡುಗ ಕಂಪ್ಯೂಟರ್ ಕಲಿತಾನಲ್ಲ, ಇವಂಗ ಕೇಳ್ರಿ" ಅಂತ ಹೇಳಿ ಬ್ಯಾಕಪ್ ಯಾವುದು ತಗೋಬೇಕು ಅನ್ನೋ ಜವಾಬ್ದಾರಿ ನಮ್ಮ ತಲಿ ಮ್ಯಾಲೆ ಹಾಕ್ತಾರ.

ಇತಿಹಾಸದ ಪೇಜಿನಾಗ ಸರ್ವರ್ ಯಾಕ ಬಂತು ಅಂತೀರಿ? ದಾಖಲೆಯ ನಕಲು ಮಾಡಿ ಬೇರೆ ಕಡೆ ಇಡೋ ವಿದ್ಯೆ ಕಂಪ್ಯೂಟರ್‌ಗಿಂತ ಸಾವಿರ ವರ್ಷ ಹಳೇದು. ನಮ್ಮ ಸೀಮೆಯಾಗ ಅದು ಇದ್ದವರಿಗೆ ಹೊಲ ಉಳದೈತಿ, ಇಲ್ಲದವರಿಗೆ ಹೋಗೇತಿ. ಆ ಚರಿತ್ರೆ ಗೊತ್ತಿದ್ರ ಅಂಗಡಿಯವ ಹೇಳೋ ಡಬ್ಬಿಗಳ ಹೆಸರಿಗೆ ನಾವು ಹೆದರೋದಿಲ್ಲ. ನಾಲ್ಕು ಪ್ರಶ್ನೆ ಕೇಳಿದ್ರ ಸಾಕು. ಎರಡನೇ ಪ್ರತಿ ಎಲ್ಲೈತಿ? ಅದು ಯಾರ ಕೈಯಾಗ ಐತಿ? ಅದನ್ನ ಓದಾಕ ಬರ್ತದೇನು? ಅದು ಖರೇನೋ ಸುಳ್ಳೋ ಅಂತ ಯಾರು ನೋಡ್ಯಾರ?

ಒಂದೊಂದಾಗಿ ಬರೋಣ.

2/11 · ಕಲ್ಲು, ತಾಮ್ರ, ಬಳೆ

ಇದು ರಟ್ಟರು ಮತ್ತು ಕೊಲ್ಲಾಪುರದ ಶಿಲಾಹಾರರು ಆಳಿದ ಸೀಮೆ. ಅವರ ಕಾಲದಲ್ಲಿ ಒಬ್ಬರಿಗೆ ಭೂಮಿ ದಾನ ಕೊಟ್ಟರೆ ಅದನ್ನು ಬರೆದಿಡಲು ಎರಡು ದಾರಿ ಇದ್ದವು. ಒಂದು, ಗುಡಿ ಅಥವಾ ಬಸದಿಯ ಮುಂದೆ ಕಲ್ಲಿನಲ್ಲಿ ಕೆತ್ತಿಸೋದು. ಇನ್ನೊಂದು, ತಾಮ್ರದ ಹಲಗೆ ಮೇಲೆ ಕೊರೆಸಿ ದಾನ ಪಡೆದವರ ಕೈಗೆ ಕೊಡೋದು.

ಎರಡರ ಗುಣಾನೂ ಬೇರೆ. ಕಲ್ಲು ಊರ ಮುಂದೆ ನಿಂತಿರ್ತದ, ಎಲ್ಲರೂ ನೋಡ್ತಾರ, ಕದಿಯಾಕ ಆಗೂದಿಲ್ಲ. ಆದ್ರ ಅದು ಇರೋದು ಒಂದೇ ಕಡೆ. ಗುಡಿ ಬಿದ್ದರೆ, ಯಾರೋ ಅದನ್ನು ಗೋಡೆಗೆ ಹಾಕಿ ಕಟ್ಟಿದರೆ, ಕಥೆ ಮುಗೀತು. ತಾಮ್ರಪಟ ಮನೆತನದ ಹತ್ತಿರ ಇರ್ತದ, ಊರು ಬಿಟ್ಟರೂ ಜೊತೆಗೆ ಒಯ್ಯಬಹುದು, ನೆಲದಾಗ ಹುಗಿದಿಟ್ಟರೂ ಹಾಳಾಗೂದಿಲ್ಲ. ಇವತ್ತಿಗೂ ಹೊಲ ಉಳುವಾಗ, ಹಳೇ ಮನೆ ಕೆಡವುವಾಗ ತಾಮ್ರಪಟ ಸಿಗೋದು ಅದಕ್ಕೇ.

ಅದಕ್ಕಿಂತ ಚೆಂದದ ವಿಷಯ ಅಂದ್ರ ಬಳೆ. ಎರಡು ಮೂರು ಹಲಗೆ ಇದ್ದರೆ ಎಲ್ಲಕ್ಕೂ ತೂತು ಹಾಕಿ, ಒಂದು ಬಳೆ ಪೋಣಿಸಿ, ಬಳೆಯ ಎರಡು ತುದಿ ಸೇರುವ ಕಡೆ ರಾಜಮುದ್ರೆ ಹಾಕ್ತಿದ್ದರು. ನಡುವಿನ ಹಲಗೆ ತೆಗೆದು ಬೇರೆ ಸೇರಿಸಬೇಕಂದ್ರ ಬಳೆ ಕತ್ತರಿಸಬೇಕು. ಕತ್ತರಿಸಿದ್ರ ಕಾಣ್ತದ. ಇವತ್ತು ಬ್ಯಾಕಪ್ ಸಾಫ್ಟ್‌ವೇರ್ ಪ್ರತಿ ಫೈಲಿಗೂ ಲೆಕ್ಕ ಹಾಕಿ ಇಡೋ ಚೆಕ್‌ಸಮ್ ಮಾಡೋದು ಇದೇ ಕೆಲಸ: ಒಂದು ಅಕ್ಷರ ಬದಲಾದ್ರೂ ಲೆಕ್ಕ ಹೊಂದೂದಿಲ್ಲ, ಯಾರೋ ಕೈ ಹಾಕ್ಯಾರ ಅಂತ ಗೊತ್ತಾಗ್ತದ.

3/11 · ನಕಲಿನ ನಕಲು

ಈಗ ಸ್ವಲ್ಪ ನಮ್ಮ ಜಿಲ್ಲೆ ದಾಟಿ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹೋಗೋಣ. ಅಲ್ಲಿನ ಶಂಖ ಬಸದಿಯ ಒಂದು ದೊಡ್ಡ ಕಲ್ಲಿನ ಮೇಲೆ ಬೇರೆ ಬೇರೆ ಕಾಲದ ದಾನಗಳನ್ನು ಒಟ್ಟಿಗೆ ಕೆತ್ತಲಾಗಿದೆ. ಅದರಲ್ಲಿ ಗಂಗ ರಾಜ ಮಾರಸಿಂಹನ 968ರ ದಾನವೂ ಇದೆ, ಅದಕ್ಕಿಂತ ಇನ್ನೂರು ವರ್ಷಕ್ಕೂ ಹಳೆಯ ಬಾದಾಮಿ ಚಾಲುಕ್ಯರ ಕಾಲದ್ದು ಅಂತ ಹೇಳಿಕೊಳ್ಳುವ ದಾನಗಳೂ ಇವೆ. ಅಂದ್ರ ಬಸದಿಯವರು ತಮ್ಮ ಹಳೆಯ ದಾಖಲೆಗಳನ್ನೆಲ್ಲ ಒಂದು ಹೊಸ ಗಟ್ಟಿ ಜಾಗಕ್ಕೆ ವರ್ಗಾಯಿಸ್ಯಾರ. ನಮ್ಮ ಭಾಷೆಯಾಗ ಹೇಳೋದಾದ್ರ ಹಳೇ ಸರ್ವರ್‌ನಿಂದ ಹೊಸ ಸರ್ವರ್‌ಗೆ ಡೇಟಾ ಹಾಕ್ಯಾರ.

ಇಲ್ಲೇ ತಕರಾರು ಹುಟ್ಟಿತು. ಮುಂಬಯಿ ಸರ್ಕಾರದ ಅಧಿಕಾರಿ, ಶಾಸನ ವಿದ್ವಾಂಸ ಜಾನ್ ಫೇತ್‌ಫುಲ್ ಫ್ಲೀಟ್ ನಮ್ಮ ಈ ಭಾಗದ ನೂರಾರು ಶಾಸನಗಳನ್ನು ಓದಿ ಅಚ್ಚು ಹಾಕಿದವನು. ಲಕ್ಷ್ಮೇಶ್ವರದ ಈ ಹಳೆಯ ದಾನಗಳು ನಿಜವಾದ ಮೂಲದ ನಕಲೋ, ಆಮೇಲೆ ಸೃಷ್ಟಿ ಮಾಡಿದ್ದೋ ಅಂತ ಅವನಿಗೆ ಅನುಮಾನ. ಅಕ್ಷರ ಆ ಕಾಲದ್ದಲ್ಲ, ಮೂಲ ತಾಮ್ರಪಟ ಕೈಯಲ್ಲಿಲ್ಲ. ಹಂಗಾದ್ರ ನಂಬೋದು ಹೆಂಗ?

ನಕಲು ಮಾಡಿದ್ದು ತಪ್ಪಲ್ಲ. ಅದು ಮೂಲಕ್ಕೆ ಹೊಂದ್ತದ ಅಂತ ತೋರಿಸೋ ಗುರುತು ಉಳಿದಿಲ್ಲ, ಅಷ್ಟೇ. ಆಫೀಸಿನ ಹಳೇ ಕಂಪ್ಯೂಟರ್ ಮಾರುವ ಮೊದಲು ಹೊಸದರಾಗ ಫೈಲ್ ಎಷ್ಟು ಬಂದಾವ, ಲೆಡ್ಜರ್ ಬ್ಯಾಲೆನ್ಸ್ ಎರಡೂ ಕಡೆ ಒಂದೇ ಐತೇನು ಅಂತ ತಾಳೆ ನೋಡಿ, ದಿನಾಂಕ ಹಾಕಿ ಬರೆದಿಡ್ರಿ. ಹತ್ತು ವರ್ಷ ಆದ ಮ್ಯಾಲೆ ಆಡಿಟರ್ ಕೇಳೋ ಪ್ರಶ್ನೆ ಫ್ಲೀಟ್ ಕೇಳಿದ್ದೇ.

4/11 · ಪುರಾವೆ ಇಲ್ಲದವರ ಹೊಲ

ಈ ಪೋಸ್ಟ್ ನಿಧಾನಕ್ಕೆ ಓದ್ರಿ.

ಮರಾಠರ ಆಡಳಿತದಲ್ಲಿ ಊರಿನ ಲೆಕ್ಕ ಕುಲಕರ್ಣಿಯ ಮನೆಯಲ್ಲಿ, ಪರಗಣೆಯ ಲೆಕ್ಕ ದೇಶಪಾಂಡೆಯ ಹತ್ತಿರ, ಎಲ್ಲಕ್ಕಿಂತ ಮೇಲಿನ ಲೆಕ್ಕ ಪುಣೆಯಲ್ಲಿ ಇರುತ್ತಿತ್ತು. ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಕಾಗದದ ಗಂಟಿಗೆ ರುಮಾಲು ಅಂತ ಹೆಸರು. ಮೂರು ಹಂತ, ಮೂರು ಜಾಗ. ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕದಿಂದ ತಾಳೆ ಹಾಕಬಹುದಿತ್ತು.

1818ರಲ್ಲಿ ಪೇಶ್ವೆ ರಾಜ್ಯ ಬಿತ್ತು. ಪುಣೆಯ ಪೇಶ್ವೆ ದಫ್ತರ ಬ್ರಿಟಿಷರ ಕೈಗೆ ಹೋಯಿತು. ಮುಂದೆ 1840ರ ದಶಕದಲ್ಲಿ ದಕ್ಷಿಣ ಮರಾಠಾ ಪ್ರದೇಶದಲ್ಲಿ, ಅಂದ್ರ ನಮ್ಮ ಬೆಳಗಾವಿ, ಧಾರವಾಡ ಕಡೆ, ತೆರಿಗೆ ಇಲ್ಲದ ಇನಾಮು ಭೂಮಿಗಳ ತನಿಖೆ ಶುರುವಾಯಿತು. 1852ರಲ್ಲಿ ಕಾಯ್ದೆಯೇ ಬಂತು, ಇನಾಮ್ ಕಮಿಷನ್ ಗಟ್ಟಿಯಾಗಿ ನಿಂತಿತು. ಪ್ರಶ್ನೆ ಒಂದೇ: ಈ ಹೊಲ ನಿನಗೆ ಇನಾಮು ಅನ್ನೋದಕ್ಕೆ ಕಾಗದ ತೋರಿಸು.

ಅಜ್ಜನ ಕಾಲದಿಂದ ಉಣ್ಣುತ್ತಿದ್ದವರ ಹತ್ತಿರ ಕಾಗದ ಎಲ್ಲಿರ್ತದ? ಕೆಲವರದ್ದು ಗೆದ್ದಲು ತಿಂದಿತ್ತು, ಕೆಲವರದ್ದು ದಂಗೆಯಲ್ಲಿ ಹೋಗಿತ್ತು, ಕೆಲವರಿಗೆ ಬಾಯಿಮಾತೇ ಸನದು. ಸರ್ಕಾರದ ಹತ್ತಿರ ಮಾತ್ರ ಪುಣೆಯ ದಫ್ತರ ಭದ್ರವಾಗಿತ್ತು, ತಾಳೆ ನೋಡೋದೂ ಅದರ ಜೊತೆಗೇ. 1857ಕ್ಕೆ ಮೊದಲಿನ ಐದು ವರ್ಷದಲ್ಲಿ ಸುಮಾರು 35,000 ಇನಾಮುಗಳ ಕಾಗದ ಕೇಳಿ, ಅದರಲ್ಲಿ ಸುಮಾರು 21,000 ಮುಟ್ಟುಗೋಲು ಹಾಕಿಕೊಂಡರು ಅನ್ನೋ ಲೆಕ್ಕವನ್ನು ಇತಿಹಾಸದ ಪುಸ್ತಕಗಳು ಕೊಡ್ತಾವ.

1858ರ ನರಗುಂದ ಬಂಡಾಯ ನೆನಪೈತಲ್ಲ? ಬಾಬಾಸಾಹೇಬರಿಗೆ ದತ್ತು ಒಪ್ಪದಿದ್ದದ್ದು ಮುಖ್ಯ ಕಾರಣ. ಆದ್ರ ಸುರೇಬಾನದಲ್ಲಿ ಸತ್ತ ಅಧಿಕಾರಿ ಮ್ಯಾನ್ಸನ್ ಮೊದಲು ಇದೇ ಇನಾಮ್ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದವನು. ಜನರ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ.

ಎರಡನೇ ಪ್ರತಿ ಬರೀ ಬೇರೆಯವರ ಕೈಯಾಗ ಇದ್ರ ಅದು ನಿಮ್ಮ ಬ್ಯಾಕಪ್ ಅಲ್ಲ. ಅದು ಅವರ ಅಸ್ತ್ರ. ಈ ಮಾತು 10ನೇ ಪೋಸ್ಟಿನಾಗ ಕ್ಲೌಡ್ ಬಗ್ಗೆ ಹೇಳುವಾಗ ಮತ್ತ ಬರ್ತದ.

5/11 · ಕಾಗದ ಐತಿ, ಓದೋರಿಲ್ಲ

ಚಿಕ್ಕೋಡಿ, ಅಥಣಿ, ನಿಪ್ಪಾಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು, 1949ರಲ್ಲಿ ಆ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಯಿತು. 1956ರ ನವೆಂಬರ್ 1ಕ್ಕೆ ಎಲ್ಲವೂ ಮೈಸೂರು ರಾಜ್ಯಕ್ಕೆ ಸೇರಿದವು. ಹೊಲ ಕೂತ ಜಾಗದಾಗ ಕೂತಿತ್ತು, ಸರ್ಕಾರಗಳು ಬದಲಾದವು. ಜೊತೆಗೆ ಭಾಷೆ, ಲಿಪಿ, ನಮೂನೆ ಬದಲಾದವು.

ನಮ್ಮ ಕಡೆ ಎಷ್ಟೋ ಹಳೇ ಮನೆಗಳ ಟ್ರಂಕಿನಾಗ ಮೋಡಿ ಲಿಪಿಯ ಕಾಗದ ಇರ್ತಾವ. ಮೋಡಿ ಅಂದ್ರ ಮರಾಠಿಯನ್ನು ಲೇಖನಿ ಎತ್ತದೆ ಸರಸರ ಬರೆಯಲು ಬಳಸುತ್ತಿದ್ದ ಲಿಪಿ. ಇಪ್ಪತ್ತನೇ ಶತಮಾನದಲ್ಲಿ ಅಚ್ಚಿನ ಜೊತೆ ದೇವನಾಗರಿ ಬಂತು, ಮೋಡಿ ಶಾಲೆಯಿಂದ ಹೋಯಿತು. ಈಗ ಒಂದು ಮೋಡಿ ಕಾಗದ ಓದಿಸಬೇಕಂದ್ರ ಬಲ್ಲವರನ್ನ ಹುಡುಕಿಕೊಂಡು ಕೊಲ್ಲಾಪುರ, ಪುಣೆ ಕಡೆ ಹೋಗಬೇಕಾಗ್ತದ. ಕಾಗದ ಗಟ್ಟಿ ಐತಿ, ಶಾಯಿ ಮಾಸಿಲ್ಲ, ಓದೋ ಕಣ್ಣು ಇಲ್ಲ.

ಕಂಪ್ಯೂಟರ್‌ನಾಗ ಇದು ನೂರು ವರ್ಷ ಕಾಯೂದಿಲ್ಲ, ಹತ್ತು ವರ್ಷ ಸಾಕು. ಫ್ಲಾಪಿ ಐತಿ, ಡ್ರೈವ್ ಇಲ್ಲ. ಹಳೇ ಅಕೌಂಟಿಂಗ್ ಸಾಫ್ಟ್‌ವೇರಿನ ಬ್ಯಾಕಪ್ ಐತಿ, ಮಾಡಿದ ಕಂಪನಿ ಮುಚ್ಚೈತಿ. ಹಳೇ ಕನ್ನಡ ಫಾಂಟಿನಾಗ ಟೈಪ್ ಮಾಡಿದ ಠರಾವು ತೆರೆದ್ರ ಬರೀ ವಿಚಿತ್ರ ಚಿಹ್ನೆ. ಆದ್ದರಿಂದ ವರ್ಷದ ಕೊನೆಗೆ ಮುಖ್ಯ ಲೆಡ್ಜರ್, ಸದಸ್ಯರ ಪಟ್ಟಿ, ಠರಾವುಗಳನ್ನ ಪಿಡಿಎಫ್ ಮತ್ತು ಸಾದಾ ಟೇಬಲ್ ಫೈಲ್ ರೂಪದಾಗ, ಯುನಿಕೋಡ್ ಕನ್ನಡದಾಗ ಬೇರೆ ತೆಗೆದಿಡ್ರಿ. ಯಾವ ಕಂಪನಿ ಇರಲಿ ಬಿಡಲಿ, ಅವು ತೆರಿತಾವ.

6/11 · ಉತಾರ ಕಂಪ್ಯೂಟರ್‌ಗೆ ಬಂದದ್ದು

ಬೇರೆ ಕಡೆ ಪಹಣಿ ಅಂತಾರ, ನಾವು ಉತಾರ ಅಂತೀವಿ. 2000ಕ್ಕೆ ಮೊದಲು ಅದು ತಲಾಟಿಯವರ ಕೈಬರಹ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬರ ಹತ್ತಿರ ಮೂರ್ನಾಲ್ಕು ಊರಿನ ದಪ್ಪ ಪುಸ್ತಕ. ಪುಸ್ತಕ ಒಂದೇ ಪ್ರತಿ. ಅವರು ಊರಲ್ಲಿ ಇಲ್ಲ ಅಂದ್ರ ಉತಾರವೂ ಇಲ್ಲ. ಒಂದು ಗೆರೆ ಹೊಡೆದು ಹೆಸರು ಬದಲಿಸಿದ್ರ ಹಳೇ ಹೆಸರು ಏನಿತ್ತು ಅಂತ ತೋರಿಸೋದು ಕಷ್ಟ.

ಆಮೇಲೆ ಭೂಮಿ ಯೋಜನೆ ಬಂತು. ಕಂದಾಯ ಇಲಾಖೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ತಂತ್ರಾಂಶ ಎನ್‌ಐಸಿಯದು. ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳನ್ನು ಟೈಪ್ ಮಾಡಿದರು. 2002ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ ಕಿಯೋಸ್ಕ್ ತೆರೆದವು, 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ. ಕೈಬರಹದ ಉತಾರಕ್ಕೆ ಬೆಲೆ ಇಲ್ಲ ಅಂತ ಸರ್ಕಾರ ಹೇಳಿತು. ದಾಖಲೆ ಬದಲಿಸುವ ಅಧಿಕಾರಿ ಬೆರಳಚ್ಚು ಒತ್ತಬೇಕು, ಯಾರು ಬದಲಿಸಿದರು ಅನ್ನೋದು ಉಳಿಯಬೇಕು. ತಾಮ್ರಪಟದ ಬಳೆ ನೆನಪಾತೇನು?

ನಿಪ್ಪಾಣಿ, ಕಾಗವಾಡ ಆಗಿನ್ನೂ ತಾಲೂಕು ಆಗಿರಲಿಲ್ಲ, ಚಿಕ್ಕೋಡಿ ಮತ್ತು ಅಥಣಿಯ ಒಳಗೇ ಇದ್ದವು. ಮೊದಲು ಒಂದೊಂದು ತಾಲೂಕಿಗೂ ಅದರದೇ ಸರ್ವರ್. ಆಮೇಲೆ ಎಲ್ಲವೂ ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್‌ಗೆ ಒಟ್ಟಾದವು. ಹೊಳಿ ಬಂದು ಮನೆಯಾಗಿನ ಉತಾರ ನೆನೆದು ಹೋದ್ರೂ ರೈತ ಮತ್ತೊಂದು ತೆಗೆಸಬಹುದು ಅನ್ನೋದು ಇದರ ದೊಡ್ಡ ಲಾಭ.

ಒಂದು ಕಷ್ಟವೂ ಆಯಿತು. ಟೈಪ್ ಮಾಡುವಾಗ ಹೆಸರು, ಗುಂಟೆ ತಪ್ಪಿದ್ರ ತಪ್ಪೇ ಅಧಿಕೃತ ಆಯಿತು. ತಿದ್ದುಪಡಿಗೆ ಅರ್ಜಿ, ಅದಾಲತ್ತು, ಓಡಾಟ. ಆ ತಪ್ಪು ತಿದ್ದಲು ಬೇಕಾದದ್ದು ಮತ್ತ ಹಳೇ ಕೈಬರಹದ ಪುಸ್ತಕವೇ. ಬ್ಯಾಕಪ್ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಉಳಿಸ್ತದ. ಆದ್ದರಿಂದ ಬರೀ ನಿನ್ನೆಯ ಪ್ರತಿ ಸಾಲೂದಿಲ್ಲ, ಹೋದ ತಿಂಗಳದ್ದು, ಹೋದ ವರ್ಷದ್ದೂ ಬೇಕು.

7/11 · ಒಂದು ಟನ್ನಿನ 5 ಎಂಬಿ

1956ರಲ್ಲಿ ಇಲ್ಲಿ ಕನ್ನಡ ನಾಡು ಒಂದಾಯಿತು. ಅದೇ ವರ್ಷ ಅಮೆರಿಕದಲ್ಲಿ ಐಬಿಎಂ ಕಂಪನಿ ರಾಮ್ಯಾಕ್ ಅನ್ನೋ ಯಂತ್ರ ತಂದಿತು, ಮಾರಾಟಕ್ಕೆ ಬಂದ ಮೊದಲ ಹಾರ್ಡ್ ಡಿಸ್ಕ್ ಅದರದ್ದೇ. 24 ಇಂಚು ಅಗಲದ 50 ತಟ್ಟೆ, ಒಂದು ಟನ್ನಿಗೂ ಹೆಚ್ಚು ತೂಕ. ಹಿಡೀತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ನೀವು ಫೋನಿನಾಗ ತೆಗೆಯೋ ಒಂದು ಫೋಟೋದಷ್ಟು.

ಡಿಸ್ಕ್ ಸಣ್ಣದಾಯಿತು, ಅಗ್ಗ ಆಯಿತು, ಜೊತೆಗೆ ಕೆಡುತ್ತಲೂ ಇತ್ತು. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಅನ್ನೋ ಮೂವರು ಒಂದು ಪ್ರಬಂಧ ಬರೆದರು: ದುಬಾರಿ ದೊಡ್ಡ ಡಿಸ್ಕ್ ಬದಲು ಅಗ್ಗದ ಹಲವು ಡಿಸ್ಕ್ ಸೇರಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಮಾಡಬಹುದು. ಅದರ ಹೆಸರೇ ರೇಡ್. ಈಗ ಅಂಗಡಿಯಾಗ "ನಾಸ್ ತಗೋರಿ ಸರ್, ರೇಡ್ ಐತಿ, ಚಿಂತಿ ಇಲ್ಲ" ಅಂತಾರಲ್ಲ, ಅದೇ ಇದು. ನಾಸ್ ಅಂದ್ರ ನೆಟ್‌ವರ್ಕಿಗೆ ಹಚ್ಚಿ ಎಲ್ಲ ಕಂಪ್ಯೂಟರೂ ಬಳಸಬಹುದಾದ ಡಿಸ್ಕ್ ಡಬ್ಬಿ.

ಇಲ್ಲಿ ಬಹಳ ಮಂದಿ ಮೋಸ ಹೋಗ್ತಾರ. ರೇಡ್ 1ರಾಗ ಎರಡು ಡಿಸ್ಕಿನಾಗೂ ಒಂದೇ ಬರವಣಿಗೆ, ಅದೇ ಕ್ಷಣಕ್ಕೆ. ಡಿಸ್ಕ್ ಕೆಟ್ಟರೆ ಉಳಿಸ್ತದ, ಖರೆ. ಆದ್ರ ನೀವು ತಪ್ಪಿ ಫೋಲ್ಡರ್ ಅಳಿಸಿದ್ರ ಎರಡರಾಗೂ ಅಳೀತದ. ವೈರಸ್ ಬಂದ್ರ ಎರಡಕ್ಕೂ ಬರ್ತದ. ಕಳ್ಳ ಒಯ್ದರೆ ಡಬ್ಬಿ ಸಮೇತ ಒಯ್ತಾನ. ರೇಡ್ ಅಂದ್ರ ಸ್ಟೆಪ್ನಿ ಟಾಯರ್, ಗಾಡಿ ನಿಲ್ಲದ ಹಾಗೆ ನೋಡ್ಕೋತದ. ಗಾಡಿನೇ ಹೊಳಿಗೆ ಬಿದ್ದರೆ ಅದೇನು ಮಾಡೀತು?

8/11 · ಹೊಳಿ ಮತ್ತು ಸೇತುವೆ

ಹೊಳಿ ಅಂದ ಮ್ಯಾಲೆ ನಮ್ಮ ಕಥೆಗೇ ಬರೋಣ. ಕೃಷ್ಣಾ, ದೂಧಗಂಗಾ, ವೇದಗಂಗಾ. 2005, 2019, 2021. ಈ ಮೂರು ವರ್ಷ ಹೇಳಿದ್ರ ನಮ್ಮ ಐದು ತಾಲೂಕಿನ ನದಿ ದಂಡಿ ಮಂದಿಗೆ ಬೇರೆ ಏನೂ ಹೇಳಬೇಕಾಗಿಲ್ಲ.

ಆಫೀಸ್ ಬ್ಯಾಕಪ್ ಬಗ್ಗೆ ಪುಸ್ತಕಗಳು "ಒಂದು ಪ್ರತಿ ಬೇರೆ ಕಟ್ಟಡದಾಗ ಇಡ್ರಿ" ಅಂತಾವ. ನಮ್ಮ ಕಡೆ ಅಷ್ಟು ಹೇಳಿದ್ರ ಸಾಲೂದಿಲ್ಲ. ಸರ್ವರ್ ಆಫೀಸಿನಾಗ, ಹಾರ್ಡ್ ಡಿಸ್ಕ್ ಚೇರ್ಮನ್ನರ ಮನಿಯಾಗ, ಎರಡೂ ಒಂದೇ ಊರಿನ ಒಂದೇ ದಂಡಿಗೆ ಇದ್ರ ಎರಡಕ್ಕೂ ಒಂದೇ ದಿನ ನೀರು. ಕಟ್ಟಡ ಎಷ್ಟು ದೂರ ಅನ್ನೋದಕ್ಕಿಂತ ಎಷ್ಟು ಎತ್ತರ ಅನ್ನೋದು ನೋಡ್ರಿ.

ಇನ್ನೊಂದು ವಿಷಯ ಸೇತುವೆ. ಆಫೀಸ್ ಉಗಾರದಾಗ ಐತಿ, ಎರಡನೇ ಪ್ರತಿ ಕುಡಚಿಯಾಗ ಅಂತ ತಿಳೀರಿ. ಹೊಳಿ ಏರಿದ್ರ ಕುಡಚಿ-ಉಗಾರ ಸೇತುವೆ ಮುಳುಗ್ತದ. ಕಲ್ಲೋಳ-ಯಡೂರ ಅಂತೂ ಮೊದಲ ಮಳಿಗೇ ಹೋಗ್ತದ. ಕಾರದಗಾ-ಭೋಜ, ಜತ್ರಾಟ-ಭೀವಶಿ, ಅಕ್ಕೋಳ-ಸಿದ್ನಾಳ ಇವೂ ಹಂಗೇ. 2019ರಲ್ಲಿ ಯಮಗರ್ಣಿ ಹತ್ತಿರ ರಾಷ್ಟ್ರೀಯ ಹೆದ್ದಾರಿಗೇ ನೀರು ಬಂದು ನಿಪ್ಪಾಣಿ ದಾರಿ ನಿಂತಿತ್ತು. ಪ್ರತಿ ಸುರಕ್ಷಿತವಾಗಿ ಐತಿ, ಆದ್ರ ಹೋಗಿ ತರಾಕ ದಾರಿ ಇಲ್ಲ ಅಂದ್ರ ಸೊಸೈಟಿ ಕೌಂಟರ್ ತೆರೆಯೋದು ಹೆಂಗ? ನೆರೆ ಬಂದ ವಾರವೇ ಠೇವಣಿ ತೆಗೆಯಲು ಹೆಚ್ಚು ಮಂದಿ ಬರ್ತಾರ. ಆ ವಾರ ಲೆಡ್ಜರ್ ಕೈಯಾಗ ಇಲ್ಲದಿದ್ರ ಒಬ್ಬ ವಿಧವೆ ತಾಯಿಯ 20,000 ರೂಪಾಯಿಗೆ ಪುರಾವೆ ಏನು?

ನಮ್ಮ ಭಾಗದ ನಿಯಮ ಹಿಂಗ ಇರಲಿ: ಎರಡನೇ ಪ್ರತಿ ಹೊಳಿ ದಾಟದೆ ಮುಟ್ಟಬಹುದಾದ, ಎತ್ತರದ ಊರಲ್ಲಿ. ಮೂರನೆಯದು ಜಿಲ್ಲೆಯ ಹೊರಗೆ. ಸರ್ವರ್ ಯಾವತ್ತೂ ನೆಲದ ಮ್ಯಾಲೆ ಇಡಬ್ಯಾಡ್ರಿ, ನೆಲ ಅಂತಸ್ತಿನಾಗ ಆಫೀಸಿದ್ರ ಗೋಡೆಗೆ ಎತ್ತರಕ್ಕ ಹಲಗಿ ಹೊಡಸ್ರಿ.

9/11 · ಫೋಟೋಗ್ರಾಫರ್ ಕೊಟ್ಟ ನಿಯಮ

ಫೋಟೋ ಹಾಕೋ ಆ್ಯಪಿನಾಗ ಕೂತು ಇದನ್ನ ಓದ್ತಾ ಇದ್ದೀರಿ, ಅದಕ್ಕ ಇದು ಖುಷಿ ಕೊಡಬೇಕು. ಜಗತ್ತಿನ ಎಲ್ಲ ಬ್ಯಾಕಪ್ ಕಂಪನಿಗಳು ಈಗ ಹೇಳೋ 3-2-1 ನಿಯಮವನ್ನ ಜನಪ್ರಿಯ ಮಾಡಿದವನು ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್. ಡಿಜಿಟಲ್ ಫೋಟೋಗಳನ್ನ ಕಾಪಾಡೋದು ಹೆಂಗ ಅಂತ ಅವನು ಬರೆದ ಪುಸ್ತಕ 2005ರಲ್ಲಿ ಬಂತು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಕುಲಕರ್ಣಿ, ದೇಶಪಾಂಡೆ, ಪುಣೆ ನೆನಪು ಮಾಡ್ಕೋರಿ.

ಅದಕ್ಕೆ ಕಾಲ ಮತ್ತೆರಡು ಮಾತು ಸೇರಿಸಿತು.

ಮೊದಲನೇದು, ಒಂದು ಪ್ರತಿ ತಂತಿ ಬಿಚ್ಚಿ ಇಡಬೇಕು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ರಾನ್ಸಮ್‌ವೇರ್ ಸುಮಾರು 150 ದೇಶಗಳ ಕಂಪ್ಯೂಟರ್‌ಗೆ ಬೀಗ ಹಾಕಿ ಹಣ ಕೇಳಿತು. ಇಂಥ ವೈರಸ್ ಕಂಪ್ಯೂಟರ್‌ಗೆ ಹಚ್ಚಿರೋ ಡಿಸ್ಕು, ನೆಟ್‌ವರ್ಕ್ ಫೋಲ್ಡರ್ ಎಲ್ಲಕ್ಕೂ ಬೀಗ ಹಾಕ್ತದ. ಕಪಾಟಿನಾಗ ಬಿಚ್ಚಿಟ್ಟ ಡಿಸ್ಕಿಗೆ ಅದು ಏನೂ ಮಾಡಲಾರದು.

ಎರಡನೇದು, ಮರಳಿ ತೆಗೆದು ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಂದು ತಪ್ಪು ಕಮಾಂಡಿನಿಂದ ಮುಖ್ಯ ಡೇಟಾಬೇಸ್‌ನ ಸುಮಾರು 300 ಜಿಬಿ ಅಳಿಯಿತು. ಬ್ಯಾಕಪ್‌ಗೆ ಐದು ವಿಧಾನ ಇಟ್ಟಿದ್ದರು. ನೋಡಿದ್ರ ಒಂದೂ ಸರಿಯಾಗಿ ನಡೆದಿರಲಿಲ್ಲ. ದಿನದ ಬ್ಯಾಕಪ್ ಎಷ್ಟೋ ದಿನದಿಂದ ಸದ್ದಿಲ್ಲದೆ ವಿಫಲ ಆಗ್ತಿತ್ತು, ಎಚ್ಚರಿಕೆಯ ಇಮೇಲ್ ಯಾರಿಗೂ ಮುಟ್ಟಿರಲಿಲ್ಲ. ಬೇರೆ ಕೆಲಸಕ್ಕಂತ ಆರು ತಾಸು ಮೊದಲು ತೆಗೆದಿದ್ದ ಒಂದು ಪ್ರತಿಯೇ ಅವರನ್ನ ಉಳಿಸಿತು.

ಸಣ್ಣ ಆಫೀಸಿನ ಕಥೆ ಅಷ್ಟೇ ಅನ್ಬ್ಯಾಡ್ರಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ 858 ಟಿಬಿ ಸಂಗ್ರಹ ಸುಟ್ಟಿತು. ಬಹಳ ದೊಡ್ಡದು ಅನ್ನೋ ಕಾರಣಕ್ಕೆ ಅದಕ್ಕೆ ಬ್ಯಾಕಪ್ಪೇ ಇಟ್ಟಿರಲಿಲ್ಲ.

10/11 · ಹಂಗಾದ್ರ ಏನು ಆರಿಸೋದು?

ಆರು ಕಂಪ್ಯೂಟರ್, ಒಂದು ಸರ್ವರ್, ಒಟ್ಟು 200 ಜಿಬಿ ಡೇಟಾ ಇರೋ ಒಂದು ಆಫೀಸ್ ತಗೊಳ್ಳೋಣ.

ಮೊದಲು ಡಬ್ಬಿ ಅಲ್ಲ, ಎರಡು ಪ್ರಶ್ನೆ. ಎಷ್ಟು ಹೊತ್ತಿನ ಕೆಲಸ ಹೋದ್ರ ಮತ್ತ ಕೂತು ಬರೀಬಹುದು? ತಜ್ಞರು ಇದಕ್ಕೆ ಆರ್‌ಪಿಒ ಅಂತಾರ. ಕೆಟ್ಟ ಮ್ಯಾಲೆ ಎಷ್ಟು ತಾಸಿನಾಗ ಕೌಂಟರ್ ತೆರೀಬೇಕು? ಇದಕ್ಕೆ ಆರ್‌ಟಿಒ. ನಮ್ಮ ಕೆಎ-23 ಆರ್‌ಟಿಒ ಅಲ್ಲ ಮತ್ತ! ಸೊಸೈಟಿಗೆ ಉತ್ತರ ಬಹುಶಃ ಅರ್ಧ ದಿನ ಮತ್ತು ಒಂದು ದಿನ.

ಈಗ ಸಾಧನ.

ಎರಡು ಡಿಸ್ಕಿನ ನಾಸ್, ರೇಡ್ 1. ಎರಡು 4 ಟಿಬಿ ಹಾಕಿದ್ರ ಬಳಸಾಕ ಸಿಗೋದು 4 ಟಿಬಿ. ಹಳೇ ಪ್ರತಿಗಳಿಗೂ ಜಾಗ ಐತಿ. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ತಾನಾಗೇ ಬ್ಯಾಕಪ್. ಡೇಟಾಬೇಸ್ ತೆರೆದಿರುವಾಗ ಫೈಲ್ ಸುಮ್ಮನೆ ಕಾಪಿ ಹೊಡೆದ್ರ ಅರ್ಧಂಬರ್ಧ ಬರ್ತದ, ಡೇಟಾಬೇಸ್‌ನದೇ ಬ್ಯಾಕಪ್ ಸೌಲಭ್ಯ ಬಳಸ್ರಿ. ನಾಸ್‌ಗೂ ಸರ್ವರ್‌ಗೂ ಯುಪಿಎಸ್ ಕಡ್ಡಾಯ, ನಮ್ಮ ಕರೆಂಟ್ ಗೊತ್ತಲ್ಲ.

ಎರಡು ಯುಎಸ್‌ಬಿ ಹಾರ್ಡ್ ಡಿಸ್ಕ್, ಪಾಳಿ ಮ್ಯಾಲೆ. ಒಂದು ಈ ವಾರ ಆಫೀಸಿನಾಗ, ಇನ್ನೊಂದು ಬಿಚ್ಚಿ ಎತ್ತರದ ಊರಿನ ಲಾಕರ್‌ನಾಗ. ಶನಿವಾರ ಅದಲು ಬದಲು.

ಕ್ಲೌಡ್. 200 ಜಿಬಿಯನ್ನ 20 ಎಂಬಿಪಿಎಸ್ ವೇಗದಾಗ ಮ್ಯಾಲೆ ಕಳಿಸಾಕ ಸುಮಾರು 22 ತಾಸು ಬೇಕು, ಅದು ಒಂದು ಸಲದ ಕೆಲಸ. ದಿನಕ್ಕೆ 2 ಜಿಬಿ ಬದಲಾದ್ರ 13-14 ನಿಮಿಷ. ಮರಳಿ ಇಳಿಸಾಕ 100 ಎಂಬಿಪಿಎಸ್ ಲೈನಿನಾಗ ನಾಲ್ಕೂವರಿ ತಾಸು. ಅಂದ್ರ ಒಂದು ದಿನದ ಗಡುವಿನ ಒಳಗೆ ಬರ್ತದ.

ಇನಾಮ್ ಕಮಿಷನ್ ಮಾತು ಇಲ್ಲಿ. ಕ್ಲೌಡ್‌ಗೆ ಹೋಗೋ ಮೊದಲೇ ಡೇಟಾ ಎನ್‌ಕ್ರಿಪ್ಟ್ ಆಗಬೇಕು, ಕೀಲಿ ನಿಮ್ಮ ಕೈಯಾಗ ಇರಬೇಕು. ಗ್ರಾಹಕರ ಆಧಾರ್, ಪಾಸ್‌ಬುಕ್ ಅದರಾಗ ಅದಾವ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಜವಾಬ್ದಾರಿ ನಿಮ್ಮ ಮ್ಯಾಲೆ ಹಾಕ್ತದ. ಖಾತೆ ಆಫೀಸಿನ ಹೆಸರಲ್ಲಿ ತೆಗೀರಿ, ಕೆಲಸ ಬಿಟ್ಟು ಹೋಗೋ ಹುಡುಗನ ಜಿಮೇಲ್‌ನಾಗ ಅಲ್ಲ. ಕೀಲಿಯನ್ನ ಕಾಗದದ ಮ್ಯಾಲೆ ಬರೆದು ಮುಚ್ಚಿದ ಲಕೋಟೆಯಾಗ ಇಬ್ಬರ ಹತ್ತಿರ ಇಡ್ರಿ. ಕೀಲಿ ಕಳೆದ್ರ ಎಲ್ಲಾನೂ ಮೋಡಿ ಕಾಗದ ಆಗ್ತದ.

ಟೇಪ್? ಎಲ್‌ಟಿಒ-9 ಟೇಪ್ ಒಂದರಾಗ 18 ಟಿಬಿ ಹಿಡೀತದ, ವರ್ಷಾನುಗಟ್ಟಲೆ ಬಾಳ್ತದ. ಆದ್ರ ಓದೋ ಡ್ರೈವ್ ಬೆಲೆ ಲಕ್ಷಗಳಾಗ. 200 ಜಿಬಿಗೆ ಬೇಡ.

11/11 · ಎಷ್ಟು ದಿನ, ಯಾರು ನೋಡ್ತಾರ

ಹಳೇ ಪ್ರತಿ ಎಷ್ಟು ಇಡೋದು? ಕಂಪ್ಯೂಟರ್ ಲೋಕದ ಹಳೇ ಪದ್ಧತಿ ಒಂದೈತಿ, ಅದರ ಹೆಸರೇ ಅಜ್ಜ-ಅಪ್ಪ-ಮಗ. ದಿನದ ಪ್ರತಿ ಮಗ, ವಾರದ್ದು ಅಪ್ಪ, ತಿಂಗಳದ್ದು ಅಜ್ಜ. 7 ದಿನ, 4 ವಾರ, 12 ತಿಂಗಳು ಇಟ್ಟರೆ ಒಟ್ಟು 23 ಪ್ರತಿ. ತಪ್ಪು ಮೂರು ತಿಂಗಳ ಮ್ಯಾಲೆ ಕಂಡ್ರೂ ಅಜ್ಜನ್ನ ಕೇಳಬಹುದು. ಬದಲಾದದ್ದನ್ನ ಮಾತ್ರ ಉಳಿಸೋ ಸಾಫ್ಟ್‌ವೇರ್ ಇದ್ರ ಜಾಗ 23 ಪಟ್ಟು ಬೇಕಾಗೂದಿಲ್ಲ.

ಕಾನೂನು ಇನ್ನೂ ಉದ್ದ ಕೇಳ್ತದ. ಜಿಎಸ್‌ಟಿ ಲೆಕ್ಕವನ್ನ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ನೋಂದಾಯಿತ ಕಂಪನಿ ಆದ್ರ ಲೆಕ್ಕದ ಪುಸ್ತಕ 8 ವರ್ಷ. ಅವುಗಳ ಡಿಜಿಟಲ್ ಪುಸ್ತಕದ ಬ್ಯಾಕಪ್ ದಿನಾಲೂ ಭಾರತದೊಳಗಿನ ಸರ್ವರ್‌ನಾಗ ಆಗಬೇಕು ಅಂತ 2022ರಿಂದ ನಿಯಮ ಐತಿ. ಕ್ಲೌಡ್ ಆರಿಸುವಾಗ ಮುಂಬಯಿ ಅಥವಾ ಹೈದರಾಬಾದ್ ಡೇಟಾ ಸೆಂಟರ್ ಅಂತ ಕೇಳಿ ತಗೋರಿ. ವರ್ಷದ ಕೊನೆಯ ಪ್ರತಿಯನ್ನ ಅಳಿಸದೆ ಬೇರೆ ಇಡ್ರಿ.

ಕೊನೇದು, ಯಾವ ಡಬ್ಬಿಯೂ ಮಾಡದ ಕೆಲಸ. ತಿಂಗಳಿಗೊಮ್ಮೆ, ಅಮಾವಾಸ್ಯೆ ಮರುದಿನ ಅಂತ ಇಟ್ಕೋರಿ ಬೇಕಾದ್ರ, ಬ್ಯಾಕಪ್‌ನಿಂದ ಒಬ್ಬ ಸದಸ್ಯರ ಖಾತೆಯನ್ನ ಬೇರೆ ಕಂಪ್ಯೂಟರ್‌ನಾಗ ತೆರೀರಿ. ಬ್ಯಾಲೆನ್ಸ್ ಪಾಸ್‌ಬುಕ್ ಜೊತೆ ತಾಳೆ ನೋಡ್ರಿ. ಒಂದು ನೋಟ್‌ಬುಕ್‌ನಾಗ ದಿನಾಂಕ, ಸಹಿ. ವರ್ಷಕ್ಕೊಮ್ಮೆ ಮಳಿಗಾಲಕ್ಕಿಂತ ಮೊದಲು ಪೂರ್ತಿ ಸರ್ವರ್ ಮರಳಿ ಕಟ್ಟಿ ನೋಡ್ರಿ, ಎಷ್ಟು ತಾಸು ಹಿಡೀತು ಬರೀರಿ. ಜೂನ್ ಬಂದ ಮ್ಯಾಲೆ ನೆನಪಾದ್ರ ತಡ ಆಗಿರ್ತದ.

2024ರಲ್ಲಿ ಸರ್ಕಾರ ಭೂ ಸುರಕ್ಷಾ ಅಂತ ಶುರು ಮಾಡಿ ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ಕಡತಗಳನ್ನ ಸ್ಕ್ಯಾನ್ ಮಾಡಿಸ್ತಾ ಐತಿ. ಅದು ಸರ್ಕಾರದ ಎರಡನೇ ಪ್ರತಿ. ನಿಮ್ಮ ಮನಿ ಉತಾರ, ಖರೀದಿ ಪತ್ರ, ಅಜ್ಜನ ಹಕ್ಕುಪತ್ರ ಇವುಗಳ ಎರಡನೇ ಪ್ರತಿ ಎಲ್ಲೈತಿ? ಆಫೀಸಿನದ್ದು ಸೋಮವಾರ ಮಾಡ್ರಿ. ಮನಿದು ಇವತ್ತೇ ಫೋಟೋ ತೆಗೆದು, ಅಕ್ಷರ ಓದಾಕ ಬರ್ತಾವೇನು ದೊಡ್ಡದು ಮಾಡಿ ನೋಡಿ, ಹೊಳಿ ಆಚೆ ಇರೋ ಅಕ್ಕನಿಗೋ ಕಾಕಾನಿಗೋ ಕಳಿಸ್ರಿ. ಅವರದ್ದು ನೀವು ಇಟ್ಕೋರಿ.

ನಿಮ್ಮ ಮನಿಯಾಗ ಮೋಡಿ ಕಾಗದ ಇದ್ರ ಕಮೆಂಟಿನಾಗ ಹೇಳ್ರಿ, ಹೆಸರು ಸರ್ವೆ ನಂಬರ್ ಹಾಕಬ್ಯಾಡ್ರಿ. ಮುಂದಿನ ಸರಣಿ ಅದರ ಮ್ಯಾಲೇ ಮಾಡೋಣ. ಇದನ್ನ ಸೇವ್ ಮಾಡ್ಕೋರಿ, ಸೊಸೈಟಿಯಾಗ ಕೆಲಸ ಮಾಡೋ ಗೆಳೆಯರಿಗೆ ಕಳಿಸ್ರಿ.

#ಎರಡನೇಪ್ರತಿ #ನಮ್ಮಇತಿಹಾಸ #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಉತಾರ #ಬ್ಯಾಕಪ್